ಸಹಿ ಯಾರದು?

ಬಸವನಗುಡಿಯಲ್ಲಿ ಐವತ್ತು ದಾಟಿದ ಯಾರನ್ನಾದರೂ "ನೀವು ಹುಟ್ಟಿದ್ದೆಲ್ಲಿ?" ಎಂದು ಕೇಳಿ ನೋಡಿ. ಎಷ್ಟೋ ಜನ ಊರಿನ ಹೆಸರು ಹೇಳುವುದಿಲ್ಲ, "ವಾಣಿವಿಲಾಸ" ಎನ್ನುತ್ತಾರೆ. ಮಲ್ಲೇಶ್ವರದವರಾದರೆ "ಕೆ.ಸಿ. ಜನರಲ್". ಎರಡಕ್ಕೂ ಮೈಸೂರು ಅರಮನೆಯ ಹೆಣ್ಣುಮಕ್ಕಳ ಹೆಸರು. ಕೋಟೆಯ ಮಗ್ಗುಲಲ್ಲಿ, ಕೆ.ಆರ್. ರಸ್ತೆಯಲ್ಲಿರುವ ವಾಣಿವಿಲಾಸ 1935ರಲ್ಲಿ ಬಾಗಿಲು ತೆರೆದದ್ದು. ಹಿತ್ತಲ ಕೋಣೆಯ ಬಾಣಂತಿತನದಿಂದ ಆಸ್ಪತ್ರೆಯ ಹೆರಿಗೆಗೆ ಬಂದದ್ದರಿಂದ ಎಷ್ಟು ತಾಯಂದಿರು, ಎಷ್ಟು ಕೂಸುಗಳು ಉಳಿದವೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಆದ್ದರಿಂದ ಈ ವಾರ ನಾನು ಬರೆಯುತ್ತಿರುವುದು ಆಸ್ಪತ್ರೆಗಳ ವಿರುದ್ಧವೂ ಅಲ್ಲ, ಡಾಕ್ಟರರ ವಿರುದ್ಧವೂ ಅಲ್ಲ. ಆಸ್ಪತ್ರೆಗೆ ಹೋದ ಮೇಲೆ ಕೈಗೆ ಬರುವ ಒಂದು ಕಾಗದದ ಬಗ್ಗೆ, ಅದರ ಕೆಳಗೆ ಹಾಕುವ ಸಹಿಯ ಬಗ್ಗೆ.

ನಮ್ಮ ಕಡೆಯ ಮನೆಗಳಲ್ಲಿ ಬಸುರಿಗೆ ಆರೈಕೆಗೇನೂ ಕೊರತೆಯಿಲ್ಲ. ಸೀಮಂತವಾಗುತ್ತದೆ, ಗಾಂಧಿಬಜಾರಿನಿಂದ ಮಲ್ಲಿಗೆ, ಹಸಿರು ಗಾಜಿನ ಬಳೆ ಬರುತ್ತವೆ, ಬಯಕೆ ಊಟವಾಗುತ್ತದೆ, ಆಮೇಲೆ ತವರಿಗೆ ಕರೆತರುತ್ತಾರೆ. ಅಲ್ಲಿಂದ ಮುಂದೆ ಅವಳೊಬ್ಬಳ ಮಾತು ಬಿಟ್ಟು ಎಲ್ಲರ ಮಾತೂ ನಡೆಯುತ್ತದೆ. ಯಾವ ಆಸ್ಪತ್ರೆ ಎಂಬುದನ್ನು ಅಪ್ಪ ಹೇಳುತ್ತಾರೆ. ಎಷ್ಟು ಖರ್ಚು ಎಂಬುದನ್ನು ಗಂಡ ವಿಚಾರಿಸುತ್ತಾನೆ. "ನಾವೆಲ್ಲ ಹೆತ್ತಿಲ್ವೇನಮ್ಮ, ನಾರ್ಮಲ್ಲೇ ಆಗಬೇಕು" ಎಂದು ಅತ್ತೆ ಫೋನಿನಲ್ಲಿ ಹೇಳುತ್ತಾರೆ. ಆಪರೇಷನ್ ಎಂದಾದರೆ ಜೋಯಿಸರೂ ಒಳಗೆ ಬರುತ್ತಾರೆ! ಪುಷ್ಯ ನಕ್ಷತ್ರ ಬೆಳಿಗ್ಗೆ ಇಷ್ಟು ಗಂಟೆಯವರೆಗೆ ಇದೆ, ಅಷ್ಟರೊಳಗೆ ಮಗು ಹೊರಗೆ ಬರಬೇಕು ಎಂದು ಚೀಟಿ ಹಿಡಿದು ಬರುವವರು ನಮ್ಮ ಬಡಾವಣೆಗಳಲ್ಲಿ ಕಡಿಮೆಯೇನಿಲ್ಲ. ನಂಬಿಕೆಯ ಬಗ್ಗೆ ನನ್ನ ಜಗಳವಿಲ್ಲ. ಆದರೆ ವೈದ್ಯಕೀಯ ಕಾರಣವಿಲ್ಲದೆ, 39 ವಾರ ತುಂಬುವ ಮೊದಲೇ ನಕ್ಷತ್ರಕ್ಕಾಗಿ ಮಗುವನ್ನು ಹೊರಗೆ ತೆಗೆದರೆ ಅದಕ್ಕೆ ಉಸಿರಾಟದ ತೊಂದರೆಯಾಗುವ ಸಂಭವ ಹೆಚ್ಚು. ಈ ಮಾತನ್ನು ಹೊಟ್ಟೆ ಹೊತ್ತವಳಿಗೆ ಯಾರಾದರೂ ಹೇಳಿರುತ್ತಾರೆಯೇ? ಹೇಳಿದ ಮೇಲೂ ಅವಳು ಒಪ್ಪಿದರೆ ಅದು ಬೇರೆ ಮಾತು.

ಸಿಸೇರಿಯನ್ ಎಷ್ಟು ಹೆಚ್ಚಾಗಿದೆ ಎನ್ನುವುದಕ್ಕೆ ಲೆಕ್ಕವಿದೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ 23.6 ಸಿಸೇರಿಯನ್. 2019-21ರ ಸಮೀಕ್ಷೆಯಲ್ಲಿ ಅದು 31.5. ಆಗ ಇಡೀ ದೇಶದ ಲೆಕ್ಕ 21.5. ದೇಶದ ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಈ ಅಂಕಿಗಳನ್ನು ನೋಡಿ "ಡಾಕ್ಟರರೆಲ್ಲ ದುಡ್ಡಿಗೆ ಕೊಯ್ಯುತ್ತಾರೆ" ಎನ್ನುವವರಿದ್ದಾರೆ. ಅದು ಸೋಮಾರಿ ಮಾತು. ತಡವಾದ ಬಸಿರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ನೋವಿನ ಭಯ, ಏನಾದರೂ ಆದರೆ ಆಸ್ಪತ್ರೆಯ ಗಾಜು ಒಡೆಯುವ ನೆಂಟರು, ಎಲ್ಲವೂ ಇದರಲ್ಲಿ ಸೇರಿವೆ. ದುಡ್ಡೂ ಸೇರಿದೆ. ಆದರೆ ನಿಮ್ಮ ಮನೆಯ ಹುಡುಗಿಗೆ ಆ ದಿನ ಆಪರೇಷನ್ ಬೇಕೋ ಬೇಡವೋ ಎನ್ನುವುದನ್ನು ಯಾವ ಅಂಕಿಯೂ ಹೇಳಲಾರದು. ಅದಕ್ಕೆ ಅವಳು ಕೇಳಬೇಕು, ಡಾಕ್ಟರ್ ಹೇಳಬೇಕು.

ಕೇಳುವುದು ಉದ್ಧಟತನವೆಂದು ನಮ್ಮಲ್ಲಿ ಬಹಳ ಹೆಣ್ಣುಮಕ್ಕಳು ತಿಳಿದಿದ್ದಾರೆ. ಅದು ಉದ್ಧಟತನವಲ್ಲ, ಹಕ್ಕು. ಇದನ್ನು ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಆ ತೀರ್ಪು ಬರೆದವರು ನಮ್ಮ ಬೆಂಗಳೂರಿನಲ್ಲಿ ವಕೀಲರಾಗಿದ್ದು, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, ಆಮೇಲೆ ದೆಹಲಿಗೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಅದು ಹೆರಿಗೆಯ ಪ್ರಕರಣವಲ್ಲ. ಆದರೂ ಪ್ರತಿ ಬಸುರಿಯೂ ಅದನ್ನು ತಿಳಿದಿರಬೇಕು ಎಂದು ನನಗೆ ಅನ್ನಿಸುತ್ತದೆ.

ನಡೆದದ್ದು ಇಷ್ಟು. 1995ರಲ್ಲಿ ದೆಹಲಿಯ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಮುಟ್ಟಿನ ರಕ್ತಸ್ರಾವ ನಿಲ್ಲುತ್ತಿಲ್ಲವೆಂದು ವೈದ್ಯರಲ್ಲಿಗೆ ಹೋದರು. ಹೊಟ್ಟೆಯೊಳಗೆ ಕೊಳವೆ ಹಾಕಿ ನೋಡುವ ಲ್ಯಾಪರೊಸ್ಕೋಪಿ ಪರೀಕ್ಷೆಗೆ ಒಪ್ಪಿ ಸಹಿ ಹಾಕಿದರು. ಅರಿವಳಿಕೆ ಕೊಟ್ಟು ಪರೀಕ್ಷೆ ಮಾಡುತ್ತಿದ್ದಾಗ, ಗರ್ಭಕೋಶ ತೆಗೆಯುವುದೇ ಒಳ್ಳೆಯದೆಂದು ವೈದ್ಯರಿಗೆ ತೋರಿತು. ಹೊರಗೆ ಕಾಯುತ್ತಿದ್ದ ವಯಸ್ಸಾದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ಪರೀಕ್ಷೆಗೆಂದು ಮಲಗಿದವರು ಎದ್ದಾಗ ಅವು ಇರಲಿಲ್ಲ.

ಹದಿಮೂರು ವರ್ಷದ ನಂತರ ಸುಪ್ರೀಂ ಕೋರ್ಟು ಹೇಳಿದ್ದನ್ನು ಮನೆಮಾತಿನಲ್ಲಿ ಹೇಳುತ್ತೇನೆ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ. ಒಂದು ಆಪರೇಷನ್‌ಗೆ ಕೊಟ್ಟದ್ದು ಇನ್ನೊಂದಕ್ಕೆ ಸಲ್ಲುವುದಿಲ್ಲ. ವಯಸ್ಕಳಾದ, ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸು ಅರಿವಳಿಕೆಯಿಂದ ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿದ ಮಾತ್ರಕ್ಕೆ ಅವಳ ಪರವಾಗಿ ಹೆತ್ತ ತಾಯಿಯೂ ಒಪ್ಪಿಗೆ ಕೊಡುವಂತಿಲ್ಲ. ಏನು ಮಾಡುತ್ತೇವೆ, ಯಾಕೆ, ಬೇರೆ ದಾರಿ ಏನಿದೆ, ಮುಖ್ಯ ಅಪಾಯಗಳೇನು, ಬೇಡವೆಂದರೆ ಏನಾಗಬಹುದು, ಇಷ್ಟನ್ನು ವೈದ್ಯರು ತಿಳಿಸಿದ ಮೇಲೆ ಕೊಟ್ಟದ್ದಷ್ಟೇ ನಿಜವಾದ ಒಪ್ಪಿಗೆ. ಎಲ್ಲೋ ಒಬ್ಬರಿಗೆ ಆಗುವ ಅಪಾಯಗಳನ್ನೆಲ್ಲ ಪಟ್ಟಿ ಮಾಡಿ ರೋಗಿಯನ್ನು ಹೆದರಿಸಬೇಕಾಗಿಲ್ಲ ಎಂದೂ ಕೋರ್ಟು ಹೇಳಿತು. ಜೀವಕ್ಕೇ ಅಪಾಯವಿದ್ದು, ಕಾಯಲು ಸಮಯವಿಲ್ಲದಿದ್ದರೆ ವೈದ್ಯರು ಒಪ್ಪಿಗೆಗೆ ಕಾಯಬೇಕಾಗಿಲ್ಲ. ಆ ಮಹಿಳೆಗೆ ಸಿಕ್ಕ ಪರಿಹಾರ 25,000 ರೂಪಾಯಿ. ವೈದ್ಯರಿಗೆ ಶುಲ್ಕವೂ ಇಲ್ಲ ಎಂದಾಯಿತು. ಹಣ ಎಷ್ಟು ಚಿಕ್ಕದು ಎಂದು ನೀವು ಹುಬ್ಬೇರಿಸಬಹುದು, ನಾನೂ ಏರಿಸಿದೆ. ಆದರೆ ಆ ತೀರ್ಪಿನಿಂದಾಗಿ, ಹೆರಿಗೆ ವಾರ್ಡಿನಲ್ಲಿ ಪ್ಯಾಡ್ ಹಿಡಿದು ಬರುವ ಸಿಸ್ಟರ್ ಯಾರ ಮುಂದೆ ನಿಲ್ಲಬೇಕು ಎಂಬ ಪ್ರಶ್ನೆಗೆ ಉತ್ತರವಿದೆ. ಬಸುರಿಯ ಮುಂದೆ.

ನಿಜದಲ್ಲಿ ಅವರು ನಿಲ್ಲುವುದು ಗಂಡನ ಮುಂದೆ. ನನ್ನ ತಂಗಿಯ ಮಗಳ ಹೆರಿಗೆಗೆ ನಮ್ಮ ಬಡಾವಣೆಯ ನರ್ಸಿಂಗ್ ಹೋಮಿಗೆ ನಾನೂ ಹೋಗಿದ್ದೆ. ಸಿಸ್ಟರ್ ನೇರವಾಗಿ ಅವಳ ಗಂಡನ ಹತ್ತಿರ ಹೋಗಿ "ಸರ್, ಇಲ್ಲೊಂದು, ಇಲ್ಲೊಂದು ಸೈನ್" ಎಂದರು. ಹಾಸಿಗೆಯಿಂದ ಹುಡುಗಿ, "ಕೊಡಿ ಸಿಸ್ಟರ್, ನಾನು ಓದ್ತೀನಿ" ಎಂದಳು. ಇಡೀ ಹಾಳೆ ಇಂಗ್ಲಿಷಿನಲ್ಲಿ. ಯಾವ ಚಿಕಿತ್ಸೆ ಎಂದು ಬರೆಯಬೇಕಾದ ಜಾಗ ಖಾಲಿ. ಖಾಲಿ ಜಾಗ ತುಂಬಿದ ಮೇಲೆ ಸಹಿ ಹಾಕುತ್ತೇನೆ ಎಂದಳು. ಸಿಸ್ಟರಿನ ಮುಖ ಬಿಗಿಯಾಯಿತು. ಅಳಿಯಂದಿರ ಮುಖ ನೋಡಿ ನನ್ನ ತಂಗಿ, "ಸುಮ್ನೆ ಹಾಕಮ್ಮ, ಅವರಿಗೆ ಗೊತ್ತಿರತ್ತೆ" ಎಂದಳು. "ಅವರಿಗೆ ಗೊತ್ತು ಅಮ್ಮ, ನನಗೆ ಗೊತ್ತಿಲ್ಲ."

ಡಾಕ್ಟರಮ್ಮ ಬಂದರು. ಕುರ್ಚಿ ಎಳೆದುಕೊಂಡು ಕೂತರು. ನೋವು ನಿಧಾನವಾಗಿದೆ, ಡ್ರಿಪ್ ಹಾಕಿ ಜಾಸ್ತಿ ಮಾಡಬಹುದು, ಅದರಿಂದ ಹೆರಿಗೆ ಬೇಗ ಆದೀತು, ಆದರೆ ನೋವು ಒತ್ತೊತ್ತಾಗಿ ಬರುತ್ತದೆ, ಮಗುವಿನ ಎದೆಬಡಿತ ನೋಡುತ್ತಲೇ ಇರಬೇಕು ಎಂದು ಚೆನ್ನಾದ ಕನ್ನಡದಲ್ಲಿ ವಿವರಿಸಿದರು. ಐದು ನಿಮಿಷವೂ ಹಿಡಿಯಲಿಲ್ಲ. "ಎರಡು ಗಂಟೆ ಕಾದರೆ ಮಗುವಿಗೆ ಏನಾದರೂ ತೊಂದರೆಯಾ?" ಎಂದು ಇವಳು ಕೇಳಿದಳು. "ಈಗ ಬಡಿತ ಚೆನ್ನಾಗಿದೆ. ಎರಡು ಗಂಟೆ ಕಾಯೋಣ, ನೀನು ಎದ್ದು ಓಡಾಡು" ಎಂದರು. ಓಡಾಡಿದಳು. ಆಮೇಲೆ ಡ್ರಿಪ್ ಬೇಕಾಯಿತು, ಹಾಕಿಸಿಕೊಂಡಳು. ನಡುರಾತ್ರಿ ದಾಟಿದ ಮೇಲೆ ಮಗುವಿನ ಎದೆಬಡಿತ ಇಳಿಯತೊಡಗಿತು. ಡಾಕ್ಟರಮ್ಮ ಎರಡೇ ವಾಕ್ಯದಲ್ಲಿ ವಿಷಯ ಹೇಳಿದರು. ಇವಳು ಕೈ ಚಾಚಿ ಪೆನ್ನು ಕೇಳಿದಳು. ಆಗ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಕೇಳಬೇಕಾದದ್ದನ್ನೆಲ್ಲ ಮೊದಲೇ ಕೇಳಿಕೊಂಡಿದ್ದಳು. ಸಿಸೇರಿಯನ್ ಆಯಿತು. ಹೆಣ್ಣು ಮಗು, ಎರಡು ಮುಕ್ಕಾಲು ಕಿಲೋ.

"ಅಷ್ಟೆಲ್ಲ ಕೇಳಿ ಕೊನೆಗೆ ಆಪರೇಷನ್ನೇ ಆಯ್ತಲ್ಲ" ಎಂದು ನೋಡಲು ಬಂದವರೊಬ್ಬರು ಅಂದರು. ಆಪರೇಷನ್ ಬೇಡವೆಂದು ಅವಳು ಎಂದೂ ಹೇಳಿರಲಿಲ್ಲ. ನಾರ್ಮಲ್ ಆದರೆ ಗೆದ್ದಂತೆ, ಸಿಸೇರಿಯನ್ ಆದರೆ ಸೋತಂತೆ ಎಂದು ಲೆಕ್ಕ ಹಾಕುವವರು ಕೂಡ ಬಸುರಿಯ ಬಾಯಿ ಮುಚ್ಚಿಸುವವರೇ. ನೋವು ತಡೆಯಲು ಬೆನ್ನಿಗೆ ಇಂಜೆಕ್ಷನ್ ಬೇಕು ಎನ್ನುವವಳಿಗೆ "ಅಷ್ಟೂ ತಡ್ಕೊಳಕ್ಕಾಗಲ್ವಾ" ಎನ್ನುವುದೂ ಅದೇ ಜಾತಿಯ ಮಾತು.

ಕೇಳಬೇಕಾದರೆ ಮೊದಲು ತಿಳಿದಿರಬೇಕು, ತಿಳಿಯಬೇಕಾದರೆ ನಮ್ಮ ಭಾಷೆಯಲ್ಲಿ ಓದಲು ಸಿಗಬೇಕು. ಈ ಪತ್ರಿಕೆ ಓದುವ ಮಕ್ಕಳಿಗೆ 'ದಿನಕ್ಕೊಂದು ಕಥೆ'ಯ ಅನುಪಮಾ ನಿರಂಜನ ಗೊತ್ತಿರುತ್ತಾರೆ. ಅವರು ವೈದ್ಯೆ. ಬಸಿರು-ಬಾಣಂತನದ ಬಗ್ಗೆ 'ತಾಯಿ-ಮಗು', ಹುಡುಗಿಯರಿಗಾಗಿ 'ಕೇಳು ಕಿಶೋರಿ' ಎಂಬ ಪುಸ್ತಕಗಳನ್ನೂ ಬರೆದರು. ಹೆಣ್ಣಿನ ದೇಹದ ಮಾತನ್ನು ಪಿಸುಗುಟ್ಟುತ್ತಿದ್ದ ಕಾಲದಲ್ಲಿ, ಡಾಕ್ಟರೊಬ್ಬರು ಅದನ್ನು ಮನೆಯ ಕಪಾಟಿನಲ್ಲಿ ಇಡಬಹುದಾದ ಕನ್ನಡ ಪುಸ್ತಕ ಮಾಡಿದರು. ಅವರು 1991ರಲ್ಲಿ ತೀರಿಕೊಂಡರು. ಔಷಧ, ಉಪಕರಣಗಳೆಲ್ಲ ಅವರ ಕಾಲದಿಂದ ಬಹಳ ಬದಲಾಗಿವೆ, ಹಾಗಾಗಿ ಚಿಕಿತ್ಸೆಗೆ ಇಂದಿನ ಡಾಕ್ಟರರ ಮಾತನ್ನೇ ಕೇಳಿ. ಆದರೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೊಡಿ, ಇಲ್ಲವೇ ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಲು ಹಿಂಜರಿಯಬೇಡಿ. ತಮಿಳು, ಉರ್ದು, ತೆಲುಗು ಮನೆಮಾತಿನವರು ಅವರವರ ಭಾಷೆಯಲ್ಲಿ ಕೇಳಲಿ. ಅರ್ಥವಾಗದ ಕಾಗದಕ್ಕೆ ಹಾಕಿದ ಸಹಿ ಬರೀ ಶಾಯಿ.

ಹೀಗೆ ಕೇಳುವುದಕ್ಕೆ ತಕ್ಕ ಹೊತ್ತು ಹೆರಿಗೆ ನೋವಿನ ಮಧ್ಯೆ ಅಲ್ಲ, ಏಳನೇ-ಎಂಟನೇ ತಿಂಗಳ ಚೆಕಪ್ಪಿನಲ್ಲಿ. ನೋವು ಬಂದಾಗ ಒಬ್ಬರು ಜೊತೆಗಿರಬಹುದೇ? ಭಾರತ ಸರ್ಕಾರ 2017ರಲ್ಲಿ ಹೆರಿಗೆ ಕೋಣೆಗಳ ಸುಧಾರಣೆಗೆಂದು ತಂದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಜೊತೆಗಾತಿಗೆ ಜಾಗವಿದೆ; ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸಿನಲ್ಲೂ ಇದೆ, ಅದೂ 'ಬಸುರಿ ಆರಿಸಿದವರು' ಎಂದು. ಒಂದೇ ಕೋಣೆಯಲ್ಲಿ ಹಲವು ಮಂಚಗಳಿರುವ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಗಂಡಸರನ್ನು ಒಳಗೆ ಬಿಡುವುದು ಕಷ್ಟ, ಆಗ ಅಮ್ಮನೋ ಅಕ್ಕನೋ ಇರಬಹುದು. ಮಲಗಿಯೇ ಇರಬೇಕೇ, ಓಡಾಡಬಹುದೇ? ಹೆರಿಗೆಯ ದ್ವಾರವನ್ನು ಕತ್ತರಿಸಿ ಹೊಲಿಗೆ ಹಾಕುವುದನ್ನು ಎಲ್ಲರಿಗೂ ಮಾಡುತ್ತೀರಾ, ಬೇಕಾದವರಿಗೆ ಮಾತ್ರವೇ? ಅದೇ ಶಿಫಾರಸಿನ ಪ್ರಕಾರ ರೂಢಿಗೆಂದು ಎಲ್ಲರಿಗೂ ಕತ್ತರಿಸಬೇಕಾಗಿಲ್ಲ. ಎನಿಮಾ ಕೂಡ ಎಲ್ಲರಿಗೂ ಬೇಕಿಲ್ಲ. ಹೊಟ್ಟೆಯ ಮೇಲೆ ಅದುಮಿ ಮಗುವನ್ನು ತಳ್ಳುವುದಂತೂ ಸಲ್ಲದು. ಬೇಕಾದ್ದನ್ನು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದು ಡಾಕ್ಟರರ ಫೈಲಿಗೆ ಸೇರಿಸಿ. ಒಂದೇ ಹಾಳೆ ಸಾಕು. ಹೊರಗೆ ನಲವತ್ತು ಜನ ಕಾಯುತ್ತಿರುವ ಡಾಕ್ಟರರ ಮುಂದೆ ಆರು ಪುಟ ಹರಡುವುದು ನ್ಯಾಯವಲ್ಲ.

ಮನೆಗೆ ಬರುವ ಮೊದಲು ಇನ್ನೊಂದು ಕೆಲಸವಿದೆ. ಸಿಸೇರಿಯನ್ ಆಗಿದ್ದರೆ ಏಕೆ ಆಯಿತು, ಗರ್ಭಕೋಶದ ಮೇಲೆ ಗಾಯ ಅಡ್ಡವೋ ಉದ್ದವೋ ಎಂದು ಡಿಸ್ಚಾರ್ಜ್ ಹಾಳೆಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ. ಮುಂದಿನ ಹೆರಿಗೆ ಸಹಜವಾಗಿ ಆಗಬಹುದೇ ಎಂದು ತೀರ್ಮಾನಿಸುವ ಡಾಕ್ಟರರು ಮೊದಲು ನೋಡುವ ಸಂಗತಿಗಳಲ್ಲಿ ಅದೂ ಒಂದು. ದಾಖಲೆಗಳ ನಕಲು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ 2002ರ ನಿಯಮಾವಳಿಯೇ ಹೇಳುತ್ತದೆ. ಅವನ್ನು ತಾಯಿ ಕಾರ್ಡಿನ ಜೊತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿಡಿ. ಅಂಟಿನುಂಡೆ ಡಬ್ಬಿಯ ಪಕ್ಕ ಬೇಡ. ನಮ್ಮ ಮನೆಯಲ್ಲಿ ಹಾಗೆ ಇಟ್ಟ ಒಂದು ಸ್ಕ್ಯಾನ್ ರಿಪೋರ್ಟಿಗೆ ತುಪ್ಪ ಹತ್ತಿ, ಈಗ ಅದರ ಎರಡೂ ಬದಿ ಒಟ್ಟಿಗೇ ಕಾಣುತ್ತವೆ.