ಸೋರಿದ್ದೂ ಗಳಿಕೆ ಅಂತಲೇ ಲೆಕ್ಕ

ಏಪ್ರಿಲ್ ತಿಂಗಳ ಒಂದು ಸಂಜೆ ಫೋನ್ ಬಂತು. ಹಗರಿಬೊಮ್ಮನಹಳ್ಳಿ ಕಡೆಯ ಹುಡುಗ, ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸ್ತಾನೆ. ಅವತ್ತು ಹಡಗಲಿ ತಾಲೂಕಿನ ಒಂದು ಹಳ್ಳಿಯ ಜಾತ್ರೆಯಲ್ಲಿ ರಸಮಂಜರಿ ಕಾರ್ಯಕ್ರಮ.

"ಅಣ್ಣಾ, ನಿನ್ನ ಡಬ್ಬಿ ಮೊದ್ಲು ತೊದಲಾಕತ್ತಿತ್ತು, ಈಗ ಪೂರ್ತಿ ಸತ್ತಂಗಾತು. ಏಳಕ್ಕ ಪ್ರೋಗ್ರಾಮ್ ಐತಿ. ಏನ್ ಮಾಡ್ಲಿ?"

"ಅದನ್ನ ಬಿಚ್ಚಿಟ್ಟು ಗಿಟಾರನ್ನ ನೇರವಾಗಿ ಹಾಕ್ಕೊಂಡು ನುಡಿಸಪ್ಪ" ಅಂದೆ. ಬೇರೆ ಏನೂ ಹೇಳೋಕೆ ತೋಚಲಿಲ್ಲ. ಆ ರಾತ್ರಿ ಅವನು ತಂಡದ ಯಜಮಾನರ ಹತ್ರ ಬೈಸಿಕೊಂಡ. ಬೈಸಿಕೊಳ್ಳಬೇಕಾದವನು ನಾನು.

ಆ ಡಬ್ಬಿ ನಾನೇ ಕೈಯಾರೆ ಕಟ್ಟಿ, 2,500 ರೂಪಾಯಿಗೆ ಮಾರಿದ್ದ ಫಜ್ ಪೆಡಲ್. ಗಿಟಾರ್ ಮತ್ತು ಆಂಪ್ಲಿಫೈಯರ್ ನಡುವೆ ನೆಲದ ಮೇಲೆ ಇಡೋ ಅಂಗೈಯಷ್ಟು ಅಲ್ಯೂಮಿನಿಯಂ ಪೆಟ್ಟಿಗೆ. ಕಾಲಲ್ಲಿ ಸ್ವಿಚ್ ಒತ್ತಿದರೆ ನುಣುಪಾದ ಸ್ವರ ಹರಿದ ಬಟ್ಟೆಯ ಹಾಗೆ ಒರಟಾಗುತ್ತೆ. ಈ ಸದ್ದು ಹುಟ್ಟಿದ್ದೇ ಒಂದು ಕೆಟ್ಟ ಯಂತ್ರದಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಒಂದು ಹಾಡಿನ ರೆಕಾರ್ಡಿಂಗ್ ವೇಳೆ ಮಿಕ್ಸರ್ ಕೆಟ್ಟು, ಬಾಸ್ ಗಿಟಾರ್ ಗುರ್ ಅಂದಿತು. 1961ರಲ್ಲಿ ಬಂದ ಆ ಹಾಡು ಜನಕ್ಕೆ ಇಷ್ಟವಾಯ್ತು. 1962ರಲ್ಲಿ ಅದೇ ಸದ್ದು ಕೊಡೋ ಪೆಡಲ್, ಮಾಯೆಸ್ಟ್ರೋ ಫಜ್ ಟೋನ್, ಮಾರುಕಟ್ಟೆಗೆ ಬಂತು. ಅದರೊಳಗಿದ್ದದ್ದು ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್.

ಅದೇ 1962ರಲ್ಲಿ ನಮ್ಮ ಬೆಂಗಳೂರಿನ ಬಿಇಎಲ್ ಕೂಡ ಜರ್ಮೇನಿಯಂ ಬಿಡಿಭಾಗ ತಯಾರಿಸೋಕೆ ಶುರು ಮಾಡಿತ್ತು. ನಮ್ಮೂರ ಕಡೆಯ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿದರೆ ಎಸಿ128 ಅನ್ನೋ ಪುಟ್ಟ ಲೋಹದ ಟೋಪಿ ಸಿಗುತ್ತಲ್ಲ, ಅದೇ ಜಾತಿ. ಇವತ್ತು ಫಜ್ ಕಟ್ಟುವವರು ಅದನ್ನ ಹುಡುಕಿಕೊಂಡು ಅಲೀತಾರೆ.

ನಾನು ಹಗಲು ಸಾಫ್ಟ್‌ವೇರ್ ಎಂಜಿನಿಯರ್. ಕೊಟ್ಟೂರಿನ ಮನೆಯಿಂದಲೇ ಕೆಲಸ. ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಸೋಲ್ಡರಿಂಗ್ ಐರನ್ ಹಿಡೀತೀನಿ. ಸ್ವಿಚ್ಚು, ಜ್ಯಾಕು ಬೆಂಗಳೂರಿನ ಎಸ್‌ಪಿ ರೋಡಿನಿಂದ. ಟ್ರಾನ್ಸಿಸ್ಟರ್ ಮಾತ್ರ ಹರಪನಹಳ್ಳಿಯ ಹಿರಿಯ ರೇಡಿಯೋ ಮೆಕ್ಯಾನಿಕ್ ಒಬ್ಬರು ಕೊಟ್ಟಿದ್ದು. ಬಿಸ್ಕತ್ ಡಬ್ಬಿಯಲ್ಲಿ 60 ಇದ್ದವು. "ಇವು ಇನ್ಯಾರಿಗೆ ಬೇಕು ತಮ್ಮಾ, ಒಯ್ಯಿ" ಅಂದು ದುಡ್ಡೂ ತಗೊಳ್ಳಲಿಲ್ಲ.

ಸತ್ತ ಪೆಡಲ್ ಹಿಡ್ಕೊಂಡು ಅವರ ಹತ್ರವೇ ಹೋದೆ. ಮನೆಯಲ್ಲಿ ಹಾಕಿ ನೋಡಿದಾಗ ಅದು ಸರಿಯಾಗೇ ಇತ್ತು! ನನ್ನ ಲೆಕ್ಕವೂ ಸರಿ ಇತ್ತು. ಮೊದಲ ಟ್ರಾನ್ಸಿಸ್ಟರಿಗೆ 80ರ ಆಸುಪಾಸು ಗೇನ್, ಎರಡನೆಯದಕ್ಕೆ 120. ಎರಡನೆಯದರ ಕಲೆಕ್ಟರ್‌ನಲ್ಲಿ 9 ವೋಲ್ಟಿನ ಅರ್ಧ, 4.5 ವೋಲ್ಟ್.

ಅವರು ಒಂದು ಎಸಿ128 ತಗೊಂಡು ನನ್ನ ಮಲ್ಟಿಮೀಟರಿಗೆ ಸಿಕ್ಕಿಸಿದರು. 90 ತೋರಿಸ್ತು. ಆಮೇಲೆ ಎರಡು ಬೆರಳಲ್ಲಿ ಅದನ್ನ ಮೆಲ್ಲಗೆ ಹಿಡಿದರು. 100, 115, 130.

"ಜಾಸ್ತಿ ದುಡಿಯಾಕತ್ತೈತಿ ಅನ್ಕಂಡ್ಯೇನು? ಸೋರಾಕತ್ತೈತಿ ತಮ್ಮಾ."

ವಿಷಯ ಇಷ್ಟೇ. ಜರ್ಮೇನಿಯಂ ಟ್ರಾನ್ಸಿಸ್ಟರ್ ಸುಮ್ಮನಿದ್ದಾಗಲೂ ಸ್ವಲ್ಪ ಕರೆಂಟ್ ಸೋರುತ್ತೆ. 10 ಡಿಗ್ರಿ ಬಿಸಿ ಏರಿದರೆ ಸೋರಿಕೆ ಹೆಚ್ಚುಕಮ್ಮಿ ದುಪ್ಪಟ್ಟು, 20 ಏರಿದರೆ ನಾಲ್ಕು ಪಟ್ಟು. ನಮ್ಮ ಸಾದಾ ಮೀಟರಿಗೆ ಇದು ಗೊತ್ತಾಗಲ್ಲ. ಅದು ಸೋರಿಕೆಯನ್ನೂ ಸೇರಿಸಿ ಗೇನ್ ಅಂತ ತೋರಿಸುತ್ತೆ. ನಾನು ಪೆಡಲ್ ಟ್ಯೂನ್ ಮಾಡಿದ್ದು ಡಿಸೆಂಬರ್ ರಾತ್ರಿ. ಮೇಲೆ ಚಂದ ಕಾಣಲಿ ಅಂತ ಕಪ್ಪು ಪೇಂಟ್ ಬೇರೆ ಹೊಡೆದಿದ್ದೆ. ಅದು ಏಪ್ರಿಲ್ ಬಿಸಿಲಲ್ಲಿ, ಕಾದ ಸ್ಟೇಜಿನ ಮೇಲೆ ಮಧ್ಯಾಹ್ನವೆಲ್ಲ ಕೂತಿತ್ತು.

ವಾಪಸ್ ಬರುವಾಗ ಬಸ್ಸಲ್ಲಿ ಮೊಬೈಲ್ ತೆಗೆದು ನನ್ನ ಎಕ್ಸೆಲ್ ಶೀಟ್ ನೋಡಿದೆ. ಪೆಟ್ಟಿಗೆ 450, ಸ್ವಿಚ್ 180, ಜ್ಯಾಕು-ಪಾಟು 350, ಉಳಿದ ಬಿಡಿಭಾಗ 300, ಪೇಂಟು-ಕೊರಿಯರ್ 220. ಒಟ್ಟು 1,500. ಮಾರಿದ್ದು 2,500ಕ್ಕೆ. 'ಲಾಭ 1,000' ಅಂತ ಹಸಿರು ಬಣ್ಣದಲ್ಲಿ ಬರೆದಿದ್ದೆ. 12 ಪೆಡಲ್, 12,000 ಲಾಭ. ಒಂದೊಂದಕ್ಕೂ ಹಿಡಿದ 9 ತಾಸು ಎಲ್ಲೂ ಇರಲಿಲ್ಲ. ಹಾಕಿದರೆ ತಾಸಿಗೆ 111 ರೂಪಾಯಿ. ರಿಪೇರಿಗೆ ವಾಪಸ್ ಬಂದವು, ಬೆಂಗಳೂರಿನ ಬಸ್ ಚಾರ್ಜು, ಹಿರಿಯರ ಟ್ರಾನ್ಸಿಸ್ಟರಿನ ಬೆಲೆ, ಯಾವುದೂ ಇಲ್ಲ. ಬಿಸಿಯಲ್ಲಿ ಪರೀಕ್ಷೆ ಮಾಡೋ ಸಮಯ ಇಲ್ಲವೇ ಇಲ್ಲ, ಯಾಕಂದ್ರೆ ಮಾಡಿರಲೇ ಇಲ್ಲ. ಅದರ ಖರ್ಚು ಆ ಹುಡುಗ ಸ್ಟೇಜ್ ಮೇಲೆ ಕೊಟ್ಟ. ನನ್ನ ಶೀಟೂ ಆ ಮೀಟರಿನ ಹಾಗೇ ಲೆಕ್ಕ ಹಾಕಿತ್ತು.

ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಎರಡು ಗಂಟೆಗೆ, ಹಿರಿಯರ ಅಂಗಡಿಯಲ್ಲಿ ಫ್ಯಾನ್ ಆರಿಸಿ ಕೂತ್ವಿ. ಪೆಡಲ್‌ಗಳಲ್ಲಿದ್ದ 24ನ್ನೂ ವಾಪಸ್ ತರಿಸಿದ್ದೆ. ಬೇಸ್ ಖಾಲಿ ಬಿಟ್ಟು ಮೊದಲು ಸೋರಿಕೆ ಅಳೆದು, ಒಟ್ಟು ಗೇನ್‌ನಿಂದ ಅದನ್ನ ಕಳೆದ್ವಿ. 60ರಲ್ಲಿ ಪಾಸಾಗಿದ್ದು 14. ಅಂದ್ರೆ 7 ಪೆಡಲ್. ಪಾಸಾದ ಒಂದೊಂದಕ್ಕೆ 150 ರೂಪಾಯಿ ಅಂತ ಅವರ ಕೈಗೆ 2,100 ಇಟ್ಟೆ. ಬೇಡ ಬೇಡ ಅಂತಲೇ ಎಣಿಸಿಕೊಂಡರು.

ಈಗ ಜರ್ಮೇನಿಯಂ ಪೆಡಲ್ ಬೆಲೆ 4,200. ಬಯಲಲ್ಲಿ ನುಡಿಸುವವರಿಗೆ ಸಿಲಿಕಾನ್ ಬಿಸಿ108 ಹಾಕಿದ ಇನ್ನೊಂದು ಕಟ್ತೀನಿ. ಅದರ ಸೋರಿಕೆ ಲೆಕ್ಕಕ್ಕೇ ಇಲ್ಲ, ಸದ್ದು ಮಾತ್ರ ಸ್ವಲ್ಪ ಚೂಪು. ಎರಡಕ್ಕೂ ಬಿಳಿ ಪೇಂಟು. ಬೆಲೆ ಏರಿಸಿದ ಮೇಲೆ ಎರಡು ತಿಂಗಳಲ್ಲಿ ಹೋಗಿದ್ದು ಎರಡೇ. ಬೇಜಾರಾಯ್ತು, ಸುಳ್ಳು ಹೇಳಲ್ಲ. ಆದರೆ ಎರಡೂ ವಾಪಸ್ ಬಂದಿಲ್ಲ.

ಆ ಹುಡುಗನಿಗೆ ದುಡ್ಡು ವಾಪಸ್ ಕೊಡೋಕೆ ಹೋದೆ. ತಗೊಳ್ಳಲಿಲ್ಲ, ಬದಲಿಗೆ ಸಿಲಿಕಾನ್‌ದು ಕೇಳಿದ. ನುಡಿಸಿ ನೋಡಿ, ಹಳೇದನ್ನೂ ರಿಪೇರಿ ಮಾಡಿಕೊಡು ಅಂದ.

"ಎರಡೂ ಯಾಕೋ?"

"ಇದು ಬ್ಯಾಸಿಗಿಗೆ, ಅದು ಚಳಿಗಾಲಕ್ಕ. ಮನ್ಯಾಗ ಸ್ವೆಟರ್ ಇಟ್ಕಳಲ್ವಾ ಅಣ್ಣಾ, ಹಂಗ."