ಅಲೆಗೆ ಸೋತ ಗೋಡೆ

ಸ್ಕಾಟ್‌ಲೆಂಡಿನ ವಿಕ್ ಬಂದರಿನ ರಕ್ಷಣೆಗಾಗಿ 1863ರಲ್ಲಿ ಅಲೆತಡೆಗೋಡೆಯೊಂದರ ನಿರ್ಮಾಣ ಆರಂಭವಾಯಿತು. ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್, ‘ಟ್ರೆಷರ್ ಐಲೆಂಡ್’ ಕರ್ತೃವಿನ ತಂದೆ. ಅಲೆಯ ಹೊಡೆತವನ್ನಳೆಯುವ ಉಪಕರಣವನ್ನೇ ರಚಿಸಿದ್ದ ನಿಪುಣ. ಗೋಡೆಯ ತುದಿಯನ್ನು ಆತ ಕಬ್ಬಿಣದ ಸರಳುಗಳಿಂದ ಬಿಗಿಸಿ ಒಂದೇ ಬಂಡೆಯಂತೆ ಮಾಡಿದ್ದ. ಆದರೂ 1872ರ ಡಿಸೆಂಬರಿನ ಬಿರುಗಾಳಿಯಲ್ಲಿ 1,350 ಟನ್ ತೂಕದ ಆ ಭಾಗವನ್ನು ಕಡಲು ಇಡಿಯಾಗಿ ಕಿತ್ತು ಸರಿಸಿತು. ಅದರ ಸ್ಥಾನದಲ್ಲಿ ಕೂರಿಸಿದ 2,600 ಟನ್ನಿನ ದಿಮ್ಮಿಯೂ 1877ರಲ್ಲಿ ಕೊಚ್ಚಿಹೋಯಿತು. ಕೊನೆಗೆ ಆ ಕಾಮಗಾರಿಯನ್ನೇ ಕೈಬಿಡಬೇಕಾಯಿತು.

ಬರಿಯ ಭಾರದಿಂದ ಅಲೆಯನ್ನು ಗೆಲ್ಲಲಾಗದು. ಅದರ ಕಸುವನ್ನು ಒಡೆದು ಹಂಚಬೇಕು. 1950ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಟೆಟ್ರಾಪಾಡ್ ಮಾಡುವುದು ಇದನ್ನೇ. ಮುಂಬಯಿಯ ಮೆರೀನ್ ಡ್ರೈವಿನಲ್ಲಿ ಕಾಣುವ ನಾಲ್ಕು ಕಾಲಿನ ಕಾಂಕ್ರೀಟು ತುಂಡುಗಳು ಇವೇ. ಒಂದರ ಕಾಲಿಗೊಂದು ತೊಡರಿ ನಿಂತ ಇವುಗಳ ಸಂದುಗಳಿಗೆ ನುಗ್ಗಿದ ನೀರು ಸೀಳಿ, ನೊರೆಯಾಗಿ, ದಡ ಮುಟ್ಟುವ ಮೊದಲೇ ಸೊರಗುತ್ತದೆ.