ಘಾಟಿ ರಸ್ತೆ ರೇಸಿನ ಮೈದಾನವೇ?

ಘಾಟಿ ಬಸ್ಸಿನಲ್ಲಿ ಓಡಾಡುವವರಿಗೆ ಇದು ಹೊಸ ಸುದ್ದಿಯೇನಲ್ಲ. ಭಾನುವಾರ ಬಂತೆಂದರೆ ಸಾಕು, ತಿರುವಿನಲ್ಲಿ ಕಾರುಗಳು ಒಂದರ ಹಿಂದೊಂದು ನುಗ್ಗಿ ಬರುತ್ತವೆ. ಡ್ರೈವರ್ ಗಕ್ಕನೆ ಬ್ರೇಕ್ ಹಾಕುತ್ತಾನೆ, ನಿಂತವರು ಕೂತವರ ಮೇಲೆ ಬೀಳುತ್ತಾರೆ. 'ಏನ್ರಪ್ಪಾ ಇದು?' ಅಂತ ಕೇಳಿದರೆ, 'ಹಿಲ್ ಕ್ಲೈಂಬ್ ಸಾರ್, ಫಾರಿನ್‌ನಲ್ಲಿ ದೊಡ್ಡ ಸ್ಪೋರ್ಟು' ಅನ್ನುತ್ತಾರೆ.

ದೊಡ್ಡ ಸ್ಪೋರ್ಟೇ, ಇಲ್ಲ ಅಂದವರಾರು? ಆದರೆ ಅದರ ಚರಿತ್ರೆ ಈ ಹುಡುಗರಿಗೆ ಗೊತ್ತೇ?

1897ರಲ್ಲಿ ಫ್ರಾನ್ಸಿನ ನೀಸ್ ನಗರದ ಹತ್ತಿರ ಲಾ ಟುರ್ಬಿ ಬೆಟ್ಟಕ್ಕೆ ಮೋಟಾರು ಓಡಿಸಿದ್ದು ಈ ಆಟದ ಶುರು. ಆ ಕಾಲದ ಕಾರಿಗೆ ಏರು ಹತ್ತುವುದೇ ದೊಡ್ಡ ಪರೀಕ್ಷೆ. 1900ರಲ್ಲಿ ಅದೇ ದಾರಿಯಲ್ಲಿ ಡೈಮ್ಲರ್ ಕಾರು ಓಡಿಸುತ್ತಿದ್ದ ವಿಲ್ಹೆಲ್ಮ್ ಬಾವರ್ ಸತ್ತ. ಅದಾದ ಮೇಲೆ ಕಂಪನಿಯವರು ತಗ್ಗಾದ, ಉದ್ದನೆಯ ಹೊಸ ಕಾರು ಮಾಡಿದರು. 1901ರ ಮರ್ಸಿಡಿಸ್ ಅದೇ. ಅಷ್ಟಾದರೂ 1903ರಲ್ಲಿ ಅದೇ ಬೆಟ್ಟ ಕೌಂಟ್ ಜ್ಬೊರೊವ್ಸ್ಕಿಯನ್ನು ಬಲಿ ತೆಗೆದುಕೊಂಡಿತು.

ಇಂಗ್ಲೆಂಡಿನ ಕಥೆ ಇನ್ನೂ ಕೇಳುವಂಥದು. 1925ರ ಮಾರ್ಚ್‌ನಲ್ಲಿ ಕಾಪ್ ಹಿಲ್ ಎಂಬಲ್ಲಿ ಬುಗಾಟಿ ಕಾರೊಂದು ಪಕ್ಕದ ದಿಬ್ಬ ಹತ್ತಿ, ನೋಡುತ್ತಾ ನಿಂತಿದ್ದವನೊಬ್ಬನ ಕಾಲು ಮುರಿಯಿತು. ಗಮನಿಸಿ, ಹೋದದ್ದು ಜೀವವಲ್ಲ, ಮುರಿದದ್ದು ಒಂದು ಕಾಲು. ಅಷ್ಟಕ್ಕೇ ಅಲ್ಲಿನ ರಾಯಲ್ ಆಟೊಮೊಬೈಲ್ ಕ್ಲಬ್, ಸಾರ್ವಜನಿಕ ರಸ್ತೆಯ ರೇಸಿಗೆ ಇನ್ನು ಅನುಮತಿ ಇಲ್ಲ ಅಂದುಬಿಟ್ಟಿತು.

ಹಾಗಂತ ಆಟ ನಿಂತಿತೇ? ಇಲ್ಲ. ಶೆಲ್ಸ್‌ಲಿ ವಾಲ್ಷ್ ಎಂಬಲ್ಲಿ ಖಾಸಗಿ ದಾರಿಯೊಂದರಲ್ಲಿ 1905ರಲ್ಲೇ ಶುರುವಾದ ಪಂದ್ಯ ಇವತ್ತಿಗೂ ನಡೆಯುತ್ತಿದೆ. ದಾರಿ ಬರೀ 1000 ಗಜ. ಎದುರಿನಿಂದ ಬಸ್ಸಿಲ್ಲ, ಲಾರಿಯಿಲ್ಲ. ಕಾರುಗಳು ಒಂದೊಂದಾಗಿ ಹೊರಡುತ್ತವೆ, ಪೈಪೋಟಿ ಗಡಿಯಾರದ ಜತೆ. ಮೊದಲ ವರ್ಷ ಗೆದ್ದವನಿಗೆ 77.6 ಸೆಕೆಂಡು ಹಿಡಿದಿತ್ತು. 2008ರ ಹೊತ್ತಿಗೆ ಅದು 23 ಸೆಕೆಂಡಿಗೂ ಕೆಳಗಿಳಿದಿತ್ತು. ಅಮೆರಿಕದ ಪೈಕ್ಸ್ ಪೀಕ್‌ನಲ್ಲಿ 1916ರಿಂದ ನಡೆದುಬಂದ ರೇಸಿನ ದಾರಿ ಸುಮಾರು 20 ಕಿಲೋಮೀಟರ್, ತಿರುವು 156. ಅಲ್ಲೂ ರೇಸಿನ ಹೊತ್ತಿಗೆ ರಸ್ತೆ ಬಂದ್.

ಇಷ್ಟು ಜೀವ, ಇಷ್ಟು ವರ್ಷ ತೆತ್ತು ಅವರು ಕಲಿತ ಪಾಠ ಒಂದೇ: ಜನ ಓಡಾಡುವ ದಾರಿಯಲ್ಲಿ ರೇಸು ಕೂಡದು. ನಮ್ಮ ಹುಡುಗರು ಕಾರಿನ ವೇಗವನ್ನು ಮಾತ್ರ ಕಲಿತು, ಈ ಪಾಠವನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.

ಆಸೆಯಿದ್ದರೆ ಜಿಲ್ಲಾಡಳಿತಕ್ಕೆ ಅರ್ಜಿ ಹಾಕಲಿ. ಬಸ್ಸು ಓಡದ ದಾರಿ ನೋಡಿ, ಎರಡೂ ಕಡೆ ಮುಚ್ಚಿ, ಆಂಬುಲೆನ್ಸ್ ನಿಲ್ಲಿಸಿ ಆಡಲಿ. ನಾವೂ ಹೋಗಿ ಚಪ್ಪಾಳೆ ತಟ್ಟೋಣ. ಅಲ್ಲಿಯವರೆಗೆ ಪೊಲೀಸರು ಭಾನುವಾರ ಬೆಳಿಗ್ಗೆ ಘಾಟಿಯ ಮೇಲೊಬ್ಬರು, ಕೆಳಗೊಬ್ಬರು ನಿಲ್ಲಲಿ. ಬಸ್ಸಿನವರು ಟಿಕೆಟ್ ಕೊಂಡಿರುವುದು ಪೇಟೆಗೆ ಹೋಗಿ ಮನೆಗೆ ವಾಪಸು ಬರಲಿಕ್ಕೆ, ಯಾರದೋ ರೇಸಿಗೆ ಸಿಕ್ಕಿ ಸಾಯಲಿಕ್ಕಲ್ಲ.